ಆಟದ ಮುಖ: ಕಲ್ಯಾಣದ ಚದುರಂಗದಿಂದ ಸ್ಟೀಮ್ ಅಂಗಡಿಯವರೆಗೆ

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯಿಂದ ಹೆದ್ದಾರಿ ಹಿಡಿದು ಪಡುವಣಕ್ಕೆ ಹೊರಟರೆ ಮೊದಲು ಹುಮನಾಬಾದ್, ಅದರಾಚೆ ಸ್ವಲ್ಪ ಒಳಕ್ಕೆ ಸರಿದರೆ ಬಸವಕಲ್ಯಾಣ. ಹೈದರಾಬಾದ್–ಸೊಲ್ಲಾಪುರ ನಡುವಿನ ಲಾರಿಗಳು ಹಗಲಿರುಳು ಓಡುವ ಈ ದಾರಿಯ ಆಸುಪಾಸಿನಲ್ಲೇ, ಸುಮಾರು ಒಂಬೈನೂರು ವರ್ಷಗಳ ಹಿಂದೆ, ಒಬ್ಬ ಚಕ್ರವರ್ತಿ ಆಟಗಳ ಬಗ್ಗೆ ಕೂಲಂಕಷವಾಗಿ ಬರೆದಿಟ್ಟ. ಅವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ, 1126ರಿಂದ 1138ರವರೆಗೆ ಆಳಿದವನು. ಯುದ್ಧಕ್ಕಿಂತ ವಿದ್ಯೆಯಲ್ಲೇ ಹೆಸರಾಗಿ ‘ಸರ್ವಜ್ಞ ಭೂಪ’ ಎನಿಸಿಕೊಂಡ.

ಇವತ್ತು ಇದೇ ಭಾಗದ ಹುಡುಗನೊಬ್ಬ ಗೆಳೆಯರ ಜೊತೆ ಸೇರಿ ಕಂಪ್ಯೂಟರಿನಲ್ಲಿ ಆಡುವ ತಂತ್ರದ ಆಟವೊಂದನ್ನು ಕಟ್ಟಿದರೆ ಅವನ ಮುಂದೆ ನಿಲ್ಲುವ ತೊಡಕು ಸೋಮೇಶ್ವರನಿಗೆ ಇರಲಿಲ್ಲ. ಆಟ ಎಷ್ಟೇ ಚೆನ್ನಾಗಿರಲಿ, ಸ್ಟೀಮ್‌ನಂಥ ಅಂತರ್ಜಾಲದ ಅಂಗಡಿಯಲ್ಲಿ ಅದು ಮೊದಲು ಕಾಣುವುದು ಹೆಬ್ಬೆರಳಿನಷ್ಟು ಅಗಲದ ಒಂದು ಚಿತ್ರವಾಗಿ. ಆ ಚಿತ್ರ ನೋಡುವವನಿಗೆ ಆಟ ಗೊತ್ತಿಲ್ಲ, ಆಟ ಮಾಡಿದವರೂ ಗೊತ್ತಿಲ್ಲ. ಒಂದೆರಡು ಕ್ಷಣದಲ್ಲಿ ಅವನು ಒತ್ತಬೇಕು, ಇಲ್ಲವೇ ಮುಂದೆ ಹೋಗಬೇಕು. ಗುರುತು ಪರಿಚಯವಿಲ್ಲದವನ ಕಣ್ಣು ಹಿಡಿಯಲು ಆಟಕ್ಕೊಂದು ಮುಖ ಬರೆಯುವ ಈ ಕಸುಬಿಗೆ ಕನ್ನಡ ನಾಡಿನಲ್ಲಿ ಉದ್ದದ ಚರಿತ್ರೆಯೇ ಇದೆ. ಅದರ ಮೊದಲ ಅಧ್ಯಾಯದಲ್ಲಿ ಆಟಕ್ಕೆ ಮುಖವೇ ಇಲ್ಲ.

ಒಂದೇ ಹೊತ್ತಗೆ, ಎರಡು ವಿದ್ಯೆ

ಸೋಮೇಶ್ವರನ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇದೆ. ಸಂಸ್ಕೃತದ ಈ ಗ್ರಂಥದಲ್ಲಿ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯ ಗಳಿಸುವುದು, ಉಳಿಸುವುದು, ಉಣ್ಣುವುದು, ಉಡುವುದು, ಹಾಡುವುದು, ಬೇಟೆಯಾಡುವುದು ಎಲ್ಲಕ್ಕೂ ಜಾಗವಿದೆ. ಕೊನೆಯದಾದ ಕ್ರೀಡಾವಿಂಶತಿ ಪೂರ್ತಿ ಆಟಗಳಿಗೇ ಮೀಸಲು. ಬೆಳದಿಂಗಳಲ್ಲಿ ಆಡುವ ಆಟ, ಮರಳಿನ ಆಟ, ಒಗಟಿನ ಆಟಗಳ ಸಾಲಿನಲ್ಲೇ ಚದುರಂಗ, ದಾಳದ ಪಾಶಕ, ಕವಡೆಯ ವರಾಟಿಕಾ ಬರುತ್ತವೆ.

ಚದುರಂಗದ ಅಧ್ಯಾಯ ಓದಿದರೆ ಬರೆದವನು ಬರೀ ನೋಡುಗನಲ್ಲ, ಆಡಿದವನು ಎಂಬುದು ತಿಳಿಯುತ್ತದೆ. ಅರವತ್ತನಾಲ್ಕು ಮನೆಗಳಿಗೆ ಅಕ್ಷರಗಳ ಗುರುತು ಕೊಟ್ಟು, ಕುದುರೆಯೊಂದು ಯಾವ ಮನೆಯನ್ನೂ ಎರಡನೆಯ ಸಲ ತುಳಿಯದೆ ಇಡೀ ಹಾಸನ್ನು ಸುತ್ತುವ ಬಗೆಯನ್ನು ಅದು ಹೇಳುತ್ತದೆ. ಕಾಶ್ಮೀರದ ರುದ್ರಟ ಒಂಬತ್ತನೆಯ ಶತಮಾನದಲ್ಲೇ ಇಂಥ ತುರಗ ನಡೆಯನ್ನು ಕಾವ್ಯದ ಬಂಧವಾಗಿ ಬಳಸಿದ್ದ. ಕಲ್ಯಾಣದಲ್ಲಿ ಅದು ಆಟಗಾರನ ಕೈಗೆ ಬಂತು.

ಇದೇ ಗ್ರಂಥದ ಇನ್ನೊಂದು ಕಡೆ ಚಿತ್ರ ಬರೆಯುವವನಿಗೆ ಪಾಠವಿದೆ. ಗೋಡೆಯನ್ನು ನುಣ್ಣಗೆ ಮಾಡಿ, ಎಮ್ಮೆಯ ಹಸಿ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ತೆಗೆದ ‘ವಜ್ರಲೇಪ’ ಎಂಬ ಅಂಟನ್ನು ಬಿಳಿ ಮಣ್ಣಿನ ಜೊತೆ ಬಳಿಯಬೇಕು. ಕಾಡಿಗೆಗೆ ಅನ್ನ ಸೇರಿಸಿ ಅರೆದು ಗೆರೆ ಎಳೆಯುವ ಕಡ್ಡಿ ಮಾಡಿಕೊಳ್ಳಬೇಕು. ಕುಂಚಕ್ಕೆ ಕರುವಿನ ಕಿವಿಯ ಕೂದಲು; ದಪ್ಪ, ನಡುವಣ, ಸಣ್ಣ ಎಂದು ಮೂರು ಅಳತೆ. ಬಿಳಿಗೆ ಶಂಖದ ಪುಡಿ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ಮೊದಲು ಗೆರೆ, ಆಮೇಲೆ ಬಣ್ಣ, ಕೊನೆಗೆ ನೆರಳು-ಬೆಳಕು.

ಒಂದೇ ಹೊತ್ತಗೆಯಲ್ಲಿ ಆಟದ ಲೆಕ್ಕಾಚಾರವೂ ಉಂಟು, ಚಿತ್ರದ ಲೆಕ್ಕಾಚಾರವೂ ಉಂಟು. ಆದರೆ ಇವೆರಡೂ ಕೈಕೈ ಹಿಡಿಯುವುದಿಲ್ಲ. ಆಟವನ್ನು ಚಿತ್ರದಿಂದ ಪರಿಚಯಿಸಬೇಕಾದ ಅಗತ್ಯವೇ ಅಲ್ಲಿರಲಿಲ್ಲ. ಅರಮನೆಯಲ್ಲಿ ಆಡುವವರು ಪರಸ್ಪರ ಗೊತ್ತಿದ್ದವರು. ಊರಲ್ಲೂ ಅಷ್ಟೇ. ಕರ್ನಾಟಕದ ಎಷ್ಟೋ ಹಳೆಯ ಗುಡಿಗಳ ಕಟ್ಟೆಗಳ ಮೇಲೆ, ಮಂಟಪಗಳ ನೆಲದಲ್ಲಿ ಹುಲಿಕುರಿ ಆಟದ ಮನೆಗಳನ್ನು ಗೀಚಿದ್ದು ಈಗಲೂ ಕಾಣುತ್ತದೆ. ಕೆಲವೇ ಹುಲಿಗಳು, ಹತ್ತಾರು ಕುರಿಗಳು. ಹುಲಿ ಹಾರಿ ತಿನ್ನಬೇಕು, ಕುರಿ ಸೇರಿ ಕಟ್ಟಬೇಕು. ಎರಡು ಕಡೆಯ ಬಲ ಬೇರೆ, ಗುರಿ ಬೇರೆ ಆಗಿರುವ ಅಪ್ಪಟ ತಂತ್ರದ ಆಟ ಇದು. ಅಷ್ಟಿದ್ದೂ ಕಲ್ಲಿನ ಮೇಲೆ ಹುಲಿಯ ಚಿತ್ರವಿಲ್ಲ, ಕುರಿಯ ಚಿತ್ರವಿಲ್ಲ, ಬರೀ ಗೆರೆಗಳು. ಪಕ್ಕದಲ್ಲಿ ಕೂತವನಿಗೆ ಆಟ ಗೊತ್ತಿತ್ತು, ಬೆಣಚುಕಲ್ಲೂ ಹುಣಸೆಬೀಜವೂ ಸಾಕಾಗಿದ್ದವು.

ಗುರುತಿಲ್ಲದವರಿಗೆ ಸುದ್ದಿ ಮುಟ್ಟಿಸಬೇಕಾದಾಗ ಅದೇ ಚಾಲುಕ್ಯರ ನಾಡು ಏನು ಮಾಡುತ್ತಿತ್ತು ಎಂಬುದಕ್ಕೆ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಉತ್ತರ ಕೊಡುತ್ತದೆ. ಅಲ್ಲಿನ ಈಶ್ವರ ಗುಡಿಯ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಬೆನ್ನು ತಿರುಗಿಸಿ, ಸೊಂಟ ಬಾಗಿಸಿ, ಎತ್ತಿದ ಕೈಯಲ್ಲಿ ಅಕ್ಷರ ಕೊರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಶಾಸನ. ದಾರಿಹೋಕ ಮೊದಲು ನೋಡುವುದು ಅವಳ ಬಾಗಿದ ಮೈಯನ್ನು. ಆ ಬಾಗು ಕೈಗೆ ಕರೆದೊಯ್ಯುತ್ತದೆ, ಕೈ ಅಕ್ಷರಕ್ಕೆ. ಒಂದು ಆಕೃತಿ, ಒಂದು ಬರಹ, ಕಣ್ಣು ಸಾಗಬೇಕಾದ ಒಂದೇ ದಾರಿ. ಅಂಗಡಿಯ ಚಿತ್ರ ಬರೆಯುವ ಇಂದಿನ ಕಲಾವಿದ ಗೀಚುಪಟದ ಮೇಲೆ ಮೊದಲು ಹುಡುಕುವುದೂ ಇದನ್ನೇ.

ದುಂಡಗಿನ ಎಲೆ, ದೂರದ ಕಣ್ಣು

ಆಟವೇ ಚಿತ್ರವಾದದ್ದು ಗಂಜೀಫ ಎಂಬ ಎಲೆಯಾಟದ ಜೊತೆಗೆ. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನ್‌ಗೆ ಗಂಜೀಫದ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಕ್ಬರನ ಕಾಲದ ಎಲೆಗಳನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸಿದ್ದಾನೆ. ಮೊಗಲ್ ಕಟ್ಟಿನಲ್ಲಿ ಎಲೆಗಳ ಎಂಟು ಗುಂಪು ಅಥವಾ ‘ಬಣ್ಣ’, ಬಣ್ಣಕ್ಕೆ ಹನ್ನೆರಡರಂತೆ 96 ಎಲೆ. ದಖ್ಖನಿಗೆ ಬಂದು ದಶಾವತಾರದ ವೇಷ ತೊಟ್ಟಾಗ ಹತ್ತು ಬಣ್ಣ, 120 ಎಲೆ. ಒಂದೊಂದು ಬಣ್ಣದಲ್ಲೂ ಒಂದರಿಂದ ಹತ್ತರವರೆಗೆ ಎಣಿಕೆಯ ಎಲೆಗಳು, ಮೇಲೆ ಮಂತ್ರಿ, ಎಲ್ಲಕ್ಕೂ ಮೇಲೆ ರಾಜ.

ಆಟ ಸುಲಭದ್ದಲ್ಲ. ಐದು ಅವತಾರಗಳಲ್ಲಿ ಹತ್ತರ ಎಲೆ ದೊಡ್ಡದಾದರೆ ಉಳಿದ ಐದರಲ್ಲಿ ಲೆಕ್ಕ ತಲೆಕೆಳಗು, ಒಂದರ ಎಲೆಯೇ ದೊಡ್ಡದು. ಹಗಲಿನಲ್ಲಿ ರಾಮ ಇದ್ದವನು ಆಟ ಎತ್ತುತ್ತಾನೆ, ಇರುಳಿನಲ್ಲಿ ಕೃಷ್ಣ ಇದ್ದವನು. ಯಾವ ಎಲೆ ಹೋಯಿತು, ಯಾವುದು ಇನ್ನೂ ಯಾರ ಕೈಲಿದೆ ಎಂದು ನೆನಪಿಟ್ಟವನೇ ಗೆಲ್ಲುತ್ತಿದ್ದ. ಹೀಗಾಗಿ ಚಿತ್ರಗಾರನ ಮೇಲೆ ಬಿಗಿಯಾದ ಕಟ್ಟುಪಾಡುಗಳು ಬಿದ್ದವು. ಎಲೆ ದುಂಡಗೆ, ಅಂಗೈಯಲ್ಲಿ ಅಡಗುವಷ್ಟು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಒಂದು ಬಣ್ಣಕ್ಕೆ ಒಂದೇ ಗುರುತು, ಅದರ ಹಿನ್ನೆಲೆಗೂ ತನ್ನದೇ ರಂಗು. ಕೈಯಲ್ಲಿ ಬೀಸಣಿಗೆಯಂತೆ ಹರಡಿದಾಗ ಎಲೆಯ ಅಂಚಷ್ಟೇ ಕಾಣುತ್ತದಲ್ಲ, ಆ ಅಂಚಿನಿಂದಲೇ ಬಣ್ಣ ಗೊತ್ತಾಗಬೇಕು. ಎದುರಾಳಿಗೆ ಸುಳಿವು ಸಿಗಬಾರದೆಂದು ಬೆನ್ನಿನ ಮೇಲೆ ಎಲ್ಲಕ್ಕೂ ಒಂದೇ ಅರಗಿನ ಬಣ್ಣ.

ಸಿಂಗಾರವೆಲ್ಲ ಇನ್ನೊಂದು ಕಡೆ ಹೋಯಿತು. ಎಲೆಗಳನ್ನು ಇಡಲು ಜಾರುವ ಮುಚ್ಚಳದ ಮರದ ಡಬ್ಬಿ ಇರುತ್ತಿತ್ತು. ಅದರ ಮೇಲೆ ದೇವರು, ಆನೆ, ಹೂಬಳ್ಳಿ, ದರ್ಬಾರು. ಆಡುವಾಗ ಡಬ್ಬಿ ಬೇಕಿಲ್ಲ. ಕೊಳ್ಳುವಾಗ, ಕಾಣಿಕೆ ಕೊಡುವಾಗ ಮೊದಲು ಕಾಣುವುದೇ ಡಬ್ಬಿ. ಎಲೆ ಆಟಗಾರನಿಗೆ, ಡಬ್ಬಿ ಗಿರಾಕಿಗೆ. ವಿಡಿಯೊ ಗೇಮಿನವರು ಇವತ್ತು ಪರದೆಯೊಳಗಿನ ಚಿತ್ರಕ್ಕೂ ಅಂಗಡಿಯ ಚಿತ್ರಕ್ಕೂ ಬೇರೆ ಬೇರೆ ಕಲಾವಿದರನ್ನು ಹಿಡಿಯುವುದರ ಹಿಂದಿನ ಲೆಕ್ಕ ಇಲ್ಲೇ ಶುರುವಾಗಿತ್ತು. ನಿಜಾಮರ ಸೀಮೆಗೆ ಸೇರಿದ್ದ ನಿರ್ಮಲ್, ಕೊಂಕಣದ ಸಾವಂತವಾಡಿ, ಒಡಿಶಾದ ರಘುರಾಜಪುರ ಈ ಕಸುಬಿನ ಹೆಸರುವಾಸಿ ಊರುಗಳಾದವು.

ಮನ್ನಾಏಖೇಳ್ಳಿಗೆ ಹತ್ತಿರದ ಬೀದರ್ ಗಂಜೀಫಕ್ಕೆ ಹೆಸರಾಗಲಿಲ್ಲ. ಆದರೆ ಕತ್ತಲೆ-ಬೆಳಕಿನ ವಿಷಯದಲ್ಲಿ ಬೀದರಿನ ಕೈಯೇ ಮೇಲು. ಬಿದರಿ ಸಾಮಾನು ಸತು ಹೆಚ್ಚಾಗಿ, ತಾಮ್ರ ಕೊಂಚ ಬೆರೆಸಿದ ಎರಕ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿದು, ನುಣುಪು ಮಾಡಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಬೆರೆಸಿದ ನೀರಿನಲ್ಲಿ ಕಾಯಿಸಿ ಉಜ್ಜುತ್ತಾರೆ. ಎರಕ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಬಣ್ಣವಿಲ್ಲದ ಈ ಕೆಲಸ ದೀಪದ ಬೆಳಕಿನಲ್ಲಿ ಹತ್ತು ಮಾರು ದೂರಕ್ಕೂ ಬಿಡಿಬಿಡಿಯಾಗಿ ಕಾಣುತ್ತದೆ. ಗೇಮ್ ಕಲಾವಿದರು ತಮ್ಮ ಚಿತ್ರದಿಂದ ಬಣ್ಣವನ್ನೆಲ್ಲ ತೆಗೆದು, ಕಪ್ಪು-ಬಿಳುಪಿನಲ್ಲಿ ಆಕೃತಿ ನಿಲ್ಲುತ್ತದೆಯೇ ಎಂದು ನೋಡುವ ರೂಢಿ ಇದೆ. ಆ ಪರೀಕ್ಷೆಯಲ್ಲಿ ಬಿದರಿ ಹೂಜಿ ಎಂದೂ ಸೋಲುವುದಿಲ್ಲ.

ಮುಮ್ಮಡಿಯವರ 320 ಎಲೆ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅರಸರು ಸಾಹಿತ್ಯ, ಚಿತ್ರ, ಆಟಗಳಲ್ಲಿ ಮುಳುಗಿದರು. ಅವರ ಹೆಸರಿನಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಆಟಗಳದ್ದೇ ಮೆರವಣಿಗೆ. ಸೋಮೇಶ್ವರನ ಕುದುರೆ ಇಲ್ಲಿ ಮತ್ತೆ ಓಡುತ್ತದೆ. ಮುಮ್ಮಡಿಯವರು ತುರಗ ನಡೆಯ ಹೊಸ ಹೊಸ ಬಂಧಗಳನ್ನು ಕಟ್ಟಿದರು. ಚದುರಂಗದ ಇತಿಹಾಸ ಬರೆದ ಇಂಗ್ಲೆಂಡಿನ ಎಚ್.ಜೆ.ಆರ್. ಮರ್‍ರೆ ಅವರ ಗಮನಕ್ಕೂ ಅವು ಬಂದವು. 1861ರ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆಟದ ಹಾಸುಗಳನ್ನೇ ಚಿತ್ರಗಳಾಗಿ ಬರೆಸಿದ್ದಾರೆ.

ಗಂಜೀಫದಲ್ಲಿ ಅವರದು ಇನ್ನೂ ದೊಡ್ಡ ಹುಮ್ಮಸ್ಸು. ‘ಛದ್’ ಎಂದು ಕರೆದ ಹೊಸ ಕಟ್ಟುಗಳನ್ನು ತಾವೇ ಹೊಸೆದರು. ನವಗ್ರಹ, ಪಂಚಪಾಂಡವ, ಹೀಗೆ ಒಂದೊಂದಕ್ಕೂ ಬೇರೆ ಪುರಾಣ. ಚಾಮುಂಡೇಶ್ವರಿ ಛದ್ ಒಂದರಲ್ಲೇ ಹದಿನಾರು ಬಣ್ಣ, 320 ಎಲೆ. ಮೈಸೂರಿನ ಚಿತ್ರಗಾರರ ಕುಂಚದ ನಯವೆಲ್ಲ ರೂಪಾಯಿಯಗಲದ ಎಲೆಗಳಿಗಿಳಿಯಿತು. ದೇವತೆಯ ಕೈಯಲ್ಲಿನ ಆಯುಧ, ವಾಹನದ ಜೂಲು, ಸೀರೆಯ ಅಂಚು ಎಲ್ಲವೂ ಎಣಿಸಿದಂತೆ ಬರೆಯಲ್ಪಟ್ಟವು.

ಆದರೂ ಈ ಆಟಗಳು ಅರಮನೆಯಾಚೆ ಜನಪ್ರಿಯವಾಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಮುನ್ನೂರಿಪ್ಪತ್ತು ಎಲೆಗಳನ್ನು ಹಂಚುವುದು, ಹದಿನಾರು ಗುರುತುಗಳ ಮೇಲು-ಕೀಳು ನೆನಪಿಡುವುದು ಕೆಲಸ ಬಿಟ್ಟು ಕೂತವರಿಗಷ್ಟೇ ಆಗುವ ಮಾತು. ಚಿತ್ರ ಎಷ್ಟೇ ಸೊಗಸಾದರೂ ಆಟದ ಭಾರವನ್ನು ಅದು ಹೊರಲಾರದು. ಅದೇ ಶತಮಾನದಲ್ಲಿ ಯೂರೋಪಿನಿಂದ ಅಚ್ಚಾದ ಅಗ್ಗದ ಇಸ್ಪೀಟು ಕಟ್ಟುಗಳು ಹಡಗು ಹಡಗಾಗಿ ಬಂದಿಳಿದವು. 52 ಎಲೆ, ನಾಲ್ಕೇ ಗುರುತು, ಎರಡೇ ರಂಗು. ಕೈಯಿಂದ ಬರೆದ ಗಂಜೀಫ ಬೆಲೆಯಲ್ಲೂ ಸೋತಿತು, ಸರಳತೆಯಲ್ಲೂ ಸೋತಿತು. ಮೈಸೂರು ಗಂಜೀಫ ಚಿತ್ರಕಲೆಯನ್ನು ನಮ್ಮ ಕಾಲಕ್ಕೆ ತಂದವರಲ್ಲಿ ಗಂಜೀಫ ರಘುಪತಿ ಭಟ್ ದೊಡ್ಡ ಹೆಸರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಪಗಡೆ, ಅಳಗುಳಿಮಣೆ, ಚೌಕಾಬಾರಗಳ ಹಾಸುಗಳನ್ನು ನಾನಾ ಕುಸುರಿಗಳಲ್ಲಿ ಮಾಡಿಸಿ ಮತ್ತೆ ಮಾರಾಟಕ್ಕಿಟ್ಟಿತು. ಸಣ್ಣ ತಂಡ ಕಟ್ಟಿ ಸ್ವತಂತ್ರವಾಗಿ ‘ಇಂಡಿ’ ಗೇಮ್ ಮಾಡುವವರು ಒಮ್ಮೆ ಹೋಗಿ ನೋಡಬೇಕಾದ ಪ್ರದರ್ಶನ ಅದು. ಆಟದ ಹಾಸೇ ಅಲ್ಲಿ ಅಂಗಡಿಯ ಮುಂಭಾಗದ ಕೆಲಸವನ್ನೂ ಮಾಡುತ್ತದೆ.

ಪೋಸ್ಟರಿನ ಪಾಠ

ಇಪ್ಪತ್ತನೆಯ ಶತಮಾನದಲ್ಲಿ ಅಪರಿಚಿತರ ಕಣ್ಣು ಹಿಡಿಯುವ ವಿದ್ಯೆ ಆಟದಿಂದ ಸಿನಿಮಾಕ್ಕೆ ಹೋಯಿತು. ಅಲ್ಲಿ ಅದನ್ನು ಎತ್ತರಕ್ಕೇರಿಸಿದವರಲ್ಲಿ ಒಬ್ಬರು ಹುಮನಾಬಾದಿನ ನೆರೆಯ ಕಲಬುರಗಿಯವರು. ಎಸ್.ಎಂ. ಪಂಡಿತ್ ಹುಟ್ಟಿದ್ದು 1916ರಲ್ಲಿ. ಮುಂಬಯಿಗೆ ಹೋಗಿ ಮೆಟ್ರೊ ಟಾಕೀಸಿಗೆ ಹಾಲಿವುಡ್ ಚಿತ್ರಗಳ ಶೋಕಾರ್ಡು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ, ಹಿಂದಿ ಸಿನಿಮಾಗಳಿಗೆ ಪೋಸ್ಟರು, ಆಮೇಲೆ ಪುರಾಣದ ಕ್ಯಾಲೆಂಡರುಗಳನ್ನು ಬರೆದರು. 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು.

ಮೂರು ಗಂಟೆಯ ಸಿನಿಮಾದಲ್ಲಿ ಹತ್ತಾರು ಪಾತ್ರ, ನೂರಾರು ದೃಶ್ಯ. ಪೋಸ್ಟರ್ ಬರೆಯುವವನು ಎಲ್ಲವನ್ನೂ ತುರುಕಿದರೆ ಗೋಡೆಯ ಮೇಲೆ ಉಳಿಯುವುದು ಗಜಿಬಿಜಿ. ಆದ್ದರಿಂದ ಒಂದು ಮುಖ ದೊಡ್ಡದು, ಅದರ ಮೇಲೆ ಒಂದೇ ಕಡೆಯಿಂದ ಬೀಳುವ ಬೆಳಕು, ಹಿಂದೆ ಕತ್ತಲು, ಕೆಳಗೆ ದಪ್ಪಕ್ಷರದ ಹೆಸರು. ಕಥೆ ಹೇಳುವುದು ಬೇಡ, ಯಾವ ಜಾತಿಯ ಕಥೆ ಎಂದು ತಿಳಿಸಿದರೆ ಸಾಕು. ಪ್ರೇಮವೋ, ಯುದ್ಧವೋ, ಭಕ್ತಿಯೋ ಎಂಬುದು ಓಡುವ ಟಾಂಗಾದಿಂದಲೇ ಗೊತ್ತಾಗಬೇಕು.

ಕಡಲಾಚೆ ಇದೇ ಪಾಠ ವಿಡಿಯೊ ಗೇಮಿಗೆ ಮುಟ್ಟಿತು. 1977ರಲ್ಲಿ ಅಟಾರಿ ಮನೆಯಲ್ಲಿ ಆಡುವ ಯಂತ್ರ ಬಿಟ್ಟಾಗ ಪರದೆಯ ಮೇಲೆ ಕಾಣುತ್ತಿದ್ದದ್ದು ಕೆಲವು ಚೌಕಗಳು, ಗೆರೆಗಳು. ‘ಕಾಂಬ್ಯಾಟ್’ನಂಥ ಆಟಗಳ ಡಬ್ಬಿಯ ಮೇಲೆ ಕ್ಲಿಫ್ ಸ್ಪಾನ್ ಬರೆದದ್ದು ಮಾತ್ರ ಗುಡುಗುವ ಟ್ಯಾಂಕು, ಹಾರುವ ವಿಮಾನ. ಗಂಜೀಫದ ಎಲೆ ಮತ್ತು ಡಬ್ಬಿಯ ನಡುವಿನ ಅಂತರ ಇಲ್ಲಿ ಹೊಂಡವೇ ಆಯಿತು. ಕೊಂಡ ಮಗು ಉಳಿದದ್ದನ್ನು ಮನಸ್ಸಿನಲ್ಲೇ ತುಂಬಿಕೊಂಡು ಆಡಬೇಕಿತ್ತು. ಅಂಗಡಿಯ ಕಪಾಟಿನಲ್ಲಿ ಡಬ್ಬಿ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲವಾದ್ದರಿಂದ ಈ ಕಣ್ಕಟ್ಟು ನಡೆಯಿತು.

ನಮ್ಮಲ್ಲಿ ಈ ಕಸುಬು ಕಂಪ್ಯೂಟರಿಗೆ ಬಂದದ್ದು ಬೆಂಗಳೂರಿನ ಮೂಲಕ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೊಗಳಲ್ಲೊಂದು. ಸ್ವಂತ ಆಟ ಮಾಡಿ ಗೆಲ್ಲುವುದು ಕಷ್ಟವೆಂದು ಕಂಡಾಗ ಅದು ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ಬರೆದುಕೊಡುವ ದಾರಿ ಹಿಡಿಯಿತು. 2017ರಲ್ಲಿ ಸ್ವೀಡನ್ನಿನ ಗೇಮ್ ಕಂಪನಿ ಸ್ಟಾರ್‌ಬ್ರೀಜ್, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡವು. ಹೀಗೆ ಎರಡು ದಶಕ ಬೆಂಗಳೂರಿನ ನೂರಾರು ಕಲಾವಿದರು ಜಗತ್ತಿನ ಆಟಗಳಿಗೆ ಬಣ್ಣ ತುಂಬಿದರು. ಕನ್ನಡ ನಾಡಿನ ಆಟಕ್ಕೊಂದು ಮುಖ ಬರೆಯುವ ಸಂದರ್ಭ ಅವರಿಗೆ ಸಿಕ್ಕಿದ್ದು ಅಪರೂಪ.

ಎಂಬತ್ತೇಳು ಪಿಕ್ಸೆಲ್ ಎತ್ತರ

ಅಮೆರಿಕದ ವಾಲ್ವ್ ಕಂಪನಿ ಸ್ಟೀಮ್ ಅನ್ನು 2003ರಲ್ಲಿ ಹೊರತಂದಿತು. 2017ರ ಜೂನ್‌ನಿಂದ 100 ಡಾಲರ್ ಕಟ್ಟಿದ ಯಾರು ಬೇಕಾದರೂ ಅಲ್ಲಿ ಆಟ ಇಡಬಹುದು ಎಂದಾಯಿತು. ಬಾಗಿಲು ತೆರೆದ ಮೇಲೆ ಜಾತ್ರೆ ನೆರೆಯಿತು. 2024ರ ಒಂದೇ ವರ್ಷದಲ್ಲಿ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು.

ಈ ಅಂಗಡಿಯಲ್ಲಿ ಆಟದ ಮುಖಚಿತ್ರಕ್ಕೆ ‘ಕ್ಯಾಪ್ಸೂಲ್’ ಎನ್ನುತ್ತಾರೆ. ಅಳತೆಗಳು ಹಲವು. ಪುಟದ ನೆತ್ತಿಗೆ ಒಂದು, ಮುಖ್ಯ ಪ್ರದರ್ಶನಕ್ಕೆ ಒಂದು, ಕೊಂಡವರ ಕಪಾಟಿಗೆ 600 ಪಿಕ್ಸೆಲ್ ಅಗಲ, 900 ಪಿಕ್ಸೆಲ್ ಎತ್ತರದ ನೆಟ್ಟಗಿನದೊಂದು. ಎಲ್ಲಕ್ಕಿಂತ ಕಿರಿಯದು, ಎಲ್ಲಕ್ಕಿಂತ ಹೆಚ್ಚು ಕಡೆ ಕಾಣುವುದು ಸಣ್ಣ ಕ್ಯಾಪ್ಸೂಲ್. ಬಹುಕಾಲ ಅದರ ಅಳತೆ 231 ಅಗಲ, 87 ಎತ್ತರ. ಹುಡುಕಾಟದ ಪಟ್ಟಿಗಳಲ್ಲಿ ಅದೂ ಕುಗ್ಗಿ 120×45 ಆಗುತ್ತಿತ್ತು. ಈಚೆಗೆ ಕಳಿಸಬೇಕಾದ ಚಿತ್ರದ ಅಳತೆ ಇಮ್ಮಡಿಯಾಗಿದೆ, ಆದರೆ ನೋಡುವವನ ಕಣ್ಣಿಗೆ ಬೀಳುವ ಗಾತ್ರ ಹೆಚ್ಚೇನೂ ಬದಲಾಗಿಲ್ಲ. ಒಂದೇ ಚಿತ್ರ ಅಡ್ಡಕ್ಕೂ ಕೂರಬೇಕು, ಉದ್ದಕ್ಕೂ ನಿಲ್ಲಬೇಕು. ಹೀಗಾಗಿ ಆಕೃತಿ, ಹಿನ್ನೆಲೆ, ಹೆಸರು ಮೂರನ್ನೂ ಬೇರೆ ಬೇರೆ ಪದರದಲ್ಲಿ ಬರೆದು, ಬೇಕಾದ ಕಡೆ ಸರಿಸಿಕೊಳ್ಳುವುದು ರೂಢಿ.

ತಂತ್ರದ ಆಟಕ್ಕೆ ಈ ಅಳತೆ ಇನ್ನಷ್ಟು ಕಠಿಣ. ಓಟದ ಆಟವಾದರೆ ಒಂದು ಕಾರು ಸಾಕು. ತಂತ್ರದ ಆಟದ ಸೊಗಸೆಲ್ಲ ನಕ್ಷೆಯಲ್ಲಿ, ದಂಡಿನ ಸಾಲಿನಲ್ಲಿ, ಮೇಲಿನಿಂದ ಕಾಣುವ ಊರು-ಕೋಟೆ-ಹೊಲಗಳಲ್ಲಿ ಇರುತ್ತದೆ. ಅದನ್ನು 87 ಪಿಕ್ಸೆಲ್‌ಗೆ ಇಳಿಸಿದರೆ ಎಲ್ಲ ಕಲಸಿಹೋಗುತ್ತದೆ. ಹಾಗೆಂದು ಬರೀ ಒಬ್ಬ ಕತ್ತಿ ಹಿಡಿದ ವೀರನನ್ನು ಬರೆದರೆ ನೋಡುವವನು ಹೊಡೆದಾಟದ ಆಟವೆಂದುಕೊಳ್ಳುತ್ತಾನೆ. ತಂತ್ರದ ಆಟ ಹುಡುಕುವವನು ಒತ್ತುವುದಿಲ್ಲ, ಹೊಡೆದಾಟ ಬೇಕಾದವನು ಒಳಗೆ ಬಂದು ಬೇಸತ್ತು ಹೋಗುತ್ತಾನೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡಬಹುದು. ಕಲ್ಯಾಣದ ಕೋಟೆಯನ್ನು ಉಳಿಸಿಕೊಳ್ಳುವ, ಸರದಿಯಂತೆ ನಡೆ ಇಡುವ ಆಟ. ಮೊದಲ ಗೀಚಿನಲ್ಲಿ ಕೋಟೆ, ಆನೆಪಡೆ, ಕುದುರೆಪಡೆ, ಸೂರ್ಯಾಸ್ತ, ದೊರೆ ಎಲ್ಲ ಇರುತ್ತವೆ. ಕುಗ್ಗಿಸಿದಾಗ ಕಂದು ಬಣ್ಣದ ಮುದ್ದೆ. ಎರಡನೆಯದರಲ್ಲಿ ದೊರೆಯ ಮುಖ ಮಾತ್ರ. ಕಾಣುತ್ತದೆ, ಆದರೆ ಯಾವ ಆಟವೆಂದು ಹೇಳುವುದಿಲ್ಲ. ಮೂರನೆಯದರಲ್ಲಿ ಮೇಲಿನಿಂದ ಇಳಿಯುವ ಒಂದು ಕೈ, ಬೆರಳ ತುದಿಯಲ್ಲಿ ಒಂದು ಆನೆಯ ಕಾಯಿ, ಕೆಳಗೆ ಚೌಕಗಳಾಗಿ ಒಡೆದ ನೆಲ. ಕೈ ಬೆಳ್ಳಗೆ, ನೆಲ ಕಪ್ಪು. ಈಗ ಆಕೃತಿ ಒಂದೇ, ಗುರುತು ಒಂದೇ, ‘ನಡೆ ಇಡುವ ಆಟ’ ಎಂಬ ಸುಳಿವೂ ಇದೆ. ಉಳಿದ ಅಗಲ ಪೂರ್ತಿ ಹೆಸರಿಗೆ. ದಶಾವತಾರದ ಎಲೆ ಬರೆದವನಿಗೆ ಈ ಮೂರನೆಯ ಗೀಚು ಹೊಸದೆನಿಸುತ್ತಿರಲಿಲ್ಲ.

ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ಲೆಕ್ಕ ಬರುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಪಟ್ಟಿಯಲ್ಲಿ ಕೂರುತ್ತವೆ. ಕನ್ನಡದ ಒತ್ತುಗಳು ಕೆಳಕ್ಕಿಳಿಯುತ್ತವೆ, ಗುಡಿಸು-ಕೊಂಬುಗಳು ಮೇಲೆ ಬದಿಯಲ್ಲಿ ಚಾಚುತ್ತವೆ. ‘ಕುರುಕ್ಷೇತ್ರ’ ಎಂದು ಬರೆದು ನೋಡಿ: ಕ್ಷೇ, ತ್ರ ಎರಡರ ಕೆಳಗೂ ಒತ್ತು. ಒತ್ತಿಗೆ ಜಾಗ ಬಿಟ್ಟರೆ ಅಕ್ಷರದ ಮೈ ಸಣ್ಣದಾಗುತ್ತದೆ, ಮೈ ದಪ್ಪ ಮಾಡಿದರೆ ಒತ್ತು ಅಂಚಿಗೆ ಬಡಿಯುತ್ತದೆ. ಊರಿನ ಬೋರ್ಡು ಬರೆಯುವ ಪೇಂಟರುಗಳು ಇದಕ್ಕೆ ಎಂದೋ ಉಪಾಯ ಕಂಡುಕೊಂಡಿದ್ದಾರೆ. ಒತ್ತನ್ನು ಅಕ್ಷರದ ಹೊಟ್ಟೆಗೆ ಆನಿಸಿ ಬಲಕ್ಕೆ ಎಳೆಯುತ್ತಾರೆ, ತಲೆಕಟ್ಟನ್ನು ತಗ್ಗಿಸುತ್ತಾರೆ, ಅಕ್ಷರಗಳ ನಡುವಿನ ಸಂದು ಕಡಿಮೆ ಮಾಡುತ್ತಾರೆ. ಕಂಪ್ಯೂಟರಿನ ಸಿದ್ಧ ಫಾಂಟಿನಲ್ಲಿ ಈ ಸೌಕರ್ಯ ಸಿಗದು; ಕ್ಯಾಪ್ಸೂಲಿನ ಹೆಸರನ್ನು ಕೈಯಿಂದಲೇ ತಿದ್ದಬೇಕಾಗುತ್ತದೆ.

ಅಂದಹಾಗೆ, ಮಹಾಭಾರತದ ವೀರರನ್ನು ಎಲೆಗಳ ಮೇಲೆ ಇಳಿಸಿ ‘ಕುರುಕ್ಷೇತ್ರ: ಅಸೆನ್ಷನ್’ ಎಂಬ ತಂತ್ರದ ಕಾರ್ಡ್ ಗೇಮ್ ಮಾಡಿದ್ದು ಬೆಂಗಳೂರಿನ ಸ್ಟುಡಿಯೊ ಸಿರಾ. ಮುಮ್ಮಡಿಯವರ ಪಂಚಪಾಂಡವ ಛದ್‌ಗೂ ಇದಕ್ಕೂ ನಡುವೆ ಒಂದೂವರೆ ಶತಮಾನ. ಪುರಾಣದ ಪಾತ್ರಕ್ಕೆ ಒಂದು ಬಲ, ಒಂದು ಗುರುತು, ಒಂದು ಎಲೆ ಎಂಬ ಲೆಕ್ಕ ಮಾತ್ರ ಅದೇ.

ಅಂಗಡಿಯ ಕಟ್ಟಳೆ

ಅಟಾರಿ ಕಾಲದಂತೆ ಡಬ್ಬಿಯಲ್ಲಿ ಒಂದು, ಒಳಗೆ ಇನ್ನೊಂದು ಎನ್ನುವುದು ಈಗ ದುಬಾರಿ. ಕ್ಯಾಪ್ಸೂಲ್ ಒತ್ತಿದ ಮರುಕ್ಷಣ ಟ್ರೇಲರ್, ಸ್ಕ್ರೀನ್‌ಶಾಟ್‌ಗಳು ತೆರೆಯುತ್ತವೆ. ಮುಖಕ್ಕೂ ಮೈಗೂ ತಾಳೆಯಾಗದಿದ್ದರೆ ಅಲ್ಲೇ ಗೊತ್ತಾಗುತ್ತದೆ. 2015ರ ಜೂನ್‌ನಿಂದ ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸು ಕೇಳಬಹುದು. ಸುಳ್ಳು ಚಿತ್ರದಿಂದ ಬಂದ ಗಿರಾಕಿ ದುಡ್ಡನ್ನೂ ಒಯ್ಯುತ್ತಾನೆ, ಹೋಗುವಾಗ ಕೆಟ್ಟ ವಿಮರ್ಶೆಯನ್ನೂ ಬಿಟ್ಟು ಹೋಗುತ್ತಾನೆ.

ಕೆಲವರು ಚಿತ್ರದ ಮೇಲೇ ಡಂಗುರ ಸಾರಲು ಶುರುಮಾಡಿದ್ದರು. ‘ಪ್ರಶಸ್ತಿ ಪಡೆದದ್ದು’, ಪತ್ರಿಕೆಯ ಅಂಕ, ರಿಯಾಯಿತಿಯ ಶೇಕಡಾವಾರು, ಹೊಸ ಕಂತಿನ ಜಾಹೀರಾತು ಎಲ್ಲ ಆ ಎಂಬತ್ತೇಳು ಪಿಕ್ಸೆಲ್‌ನೊಳಗೇ ನುಗ್ಗಿದವು. 2022ರ ಸೆಪ್ಟೆಂಬರ್ 1ರಿಂದ ವಾಲ್ವ್ ಇದನ್ನು ತಡೆಯಿತು. ಕ್ಯಾಪ್ಸೂಲಿನ ಮೇಲೆ ಚಿತ್ರ, ಆಟದ ಹೆಸರು, ಅಧಿಕೃತ ಉಪಶೀರ್ಷಿಕೆ ಇಷ್ಟೇ ಇರಬೇಕು. ಆಕೃತಿ ಮತ್ತು ಅಕ್ಷರ ಬಿಟ್ಟು ಉಳಿದದ್ದೆಲ್ಲ ಗೋಡೆಯಿಂದಿಳಿಯಿತು. ದೊಡ್ಡ ಕಂಪನಿಗಳ ತಮಟೆ ನಿಂತಿದ್ದರಿಂದ, ಪ್ರಶಸ್ತಿಯಿಲ್ಲದ ಸಣ್ಣ ತಂಡಗಳಿಗೆ ಇದು ಅನುಕೂಲವೇ ಆಯಿತು.

2024ರ ಜನವರಿಯಲ್ಲಿ ಇನ್ನೊಂದು ನಿಯಮ ಬಂತು. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿದ್ದರೆ ಅದನ್ನು ಹೇಳಿಕೊಳ್ಳಬೇಕು, ಅದರ ಬಹುಪಾಲು ಆಟದ ಪುಟದಲ್ಲೇ ಗಿರಾಕಿಗೆ ಕಾಣುತ್ತದೆ. ಕಲಾವಿದನಿಗೆ ಕೊಡಲು ದುಡ್ಡಿಲ್ಲದ ಇಂಡಿ ತಂಡಗಳು ಅಗ್ಗದ ದಾರಿ ಹಿಡಿಯುವುದೂ, ಹಾಗೆ ಮಾಡಿದ್ದನ್ನು ಆಟಗಾರರು ಗುರುತಿಸಿ ತಕರಾರು ತೆಗೆಯುವುದೂ ಈಗ ದಿನದ ಸುದ್ದಿ. ಜಲಸಂಗ್ವಿಯ ರೂವಾರಿಯಿಂದ ಹಿಡಿದು ಚಾಮುಂಡೇಶ್ವರಿ ಛದ್ ಬರೆದ ಮೈಸೂರಿನ ಚಿತ್ರಗಾರರವರೆಗೆ, ಹೊರದೇಶದ ಆಟಗಳಿಗೆ ಬಣ್ಣ ತುಂಬಿದ ಬೆಂಗಳೂರಿನ ಕಲಾವಿದರವರೆಗೆ ಹೆಚ್ಚಿನವರ ಹೆಸರು ಗಿರಾಕಿಗೆ ಗೊತ್ತಿಲ್ಲ. ಸ್ಟೀಮ್‌ನ ಪುಟದಲ್ಲಿ ಆಟ ಕಟ್ಟಿದವರಿಗೊಂದು ಸಾಲು, ಪ್ರಕಟಿಸಿದವರಿಗೊಂದು ಸಾಲು, ಯಂತ್ರ ಬರೆದಿದ್ದರೆ ಅದಕ್ಕೂ ಒಂದು ಸಾಲು ಇದೆ. ಕ್ಯಾಪ್ಸೂಲ್ ಬರೆದ ಕಲಾವಿದನ ಹೆಸರಿಗೆಂದು ಮೀಸಲಾದ ಸಾಲು ಇಲ್ಲ; ಹಾಕಬೇಕೆಂದು ತಂಡಕ್ಕೆ ಅನಿಸಿದರೆ ಆಟದ ವಿವರಣೆಯ ಕೆಳಗೆ ತಾವೇ ಬರೆದುಕೊಳ್ಳಬೇಕು.